ಎಂ ಅಂದ್ರೆ ಮಾರು

ಗಂಗುಲಪ್ಪ ಎಮ್ಮೆಯೊಂದನ್ನು "ಊಟ ಆಯ್ತೇನಮ್ಮ?" ಎಂದು ವಿಚಾರಿಸಿದ ದಿನವೇ ಅವನ ಹೆಂಡತಿ ಕದಿರಮ್ಮನಿಗೆ ವಿಷಯ ತಿಳಿದುಹೋಯಿತು. ಎಮ್ಮೆ ಪಕ್ಕದ ಮನೆಯ ಅಶ್ವತ್ಥಮ್ಮನದು. ಕೆರೆ ಏರಿಯ ಆ ತುದಿಯಲ್ಲಿ ಮೇಯುತ್ತಿತ್ತು. ಗಂಗುಲಪ್ಪ ಅದನ್ನೇ ಅಶ್ವತ್ಥಮ್ಮ ಎಂದುಕೊಂಡು, ಸಾಲದ್ದಕ್ಕೆ "ಇತ್ತೀಚೆಗೆ ಸ್ವಲ್ಪ ಮೈ ಬಂದಂಗೈತೆ" ಎಂದೂ ಸೇರಿಸಿದ. ಎಮ್ಮೆಯ ಹಿಂದೆ ಹುಲ್ಲು ಕೊಯ್ಯುತ್ತಿದ್ದ ನಿಜವಾದ ಅಶ್ವತ್ಥಮ್ಮ ಕುಡುಗೋಲು ಹಿಡಿದೇ ಎದ್ದು ನಿಂತಳು. ಆಮೇಲೆ ಬಹಳ ದಿನ ಆಕೆ ಇವರ ಮನೆ ಕಡೆ ತಲೆ ಹಾಕಲಿಲ್ಲ. ತಮಾಷೆಗೆ ಅಂದಿದ್ದು ಎಂದು ಗಂಗುಲಪ್ಪ ಊರಿಗೆಲ್ಲ ಸಮಜಾಯಿಷಿ ಕೊಟ್ಟ, ಊರು ನಂಬಿ ನಕ್ಕಿತು. ಕದಿರಮ್ಮ ಮಾತ್ರ ನಗಲಿಲ್ಲ. ಇವನಿಗೆ ದೂರದ್ದು ಕಾಣುತ್ತಿಲ್ಲ ಎಂದು ಅವಳಿಗೆ ಅರ್ಥವಾಗಿತ್ತು.

ವಕ್ಕಲೇರಿಯಿಂದ ಒಳಕ್ಕೆ ಹೋದರೆ ಸಿಗುವ ಊರು ಅವರದು. ಗಂಡ ಹೆಂಡತಿ ಇಬ್ಬರೂ ಊರ ಕೆರೆಯಲ್ಲಿ ಮೀನು ಹಿಡಿಯುವವರು. ಕದಿರಮ್ಮ ಹುಟ್ಟಿದ್ದು ಗೌನಿಪಲ್ಲಿಯಲ್ಲಿ, ಆಂಧ್ರದ ಮಗ್ಗುಲಲ್ಲಿ. ಆದ್ದರಿಂದ ಪ್ರೀತಿ ಕನ್ನಡದಲ್ಲಿ, ಸಿಟ್ಟು ತೆಲುಗಿನಲ್ಲಿ. ಗಂಗುಲಪ್ಪ ಅವಳಿಗೆ ಸೋದರಮಾವ. ಮದುವೆಗೆ ಮುಂಚೆ ಮಾವ ಎಂದು ಕರೆಯುತ್ತಿದ್ದವಳು ಮದುವೆಯಾದ ಮೇಲೂ ಮಾವ ಎಂದೇ ಕರೆದಳು, ಹೊಸದಾಗಿ ನಾಚಿಕೊಳ್ಳುವ ಕೆಲಸ ತಪ್ಪಿತು. ಕೆರೆಯಲ್ಲಿ ನೀರಿಲ್ಲದ ವರ್ಷಗಳಲ್ಲಿ ಅವನು ಕೋಲಾರದ ಟೊಮೆಟೊ ಮಂಡಿಯಲ್ಲಿ ಬಾಕ್ಸು ಹೊತ್ತ, ಅವಳು ಹಿಪ್ಪುನೇರಳೆ ಸೊಪ್ಪು ಬಿಡಿಸಲು ಹೋದಳು. ಬಲೆಯನ್ನು ಮಾತ್ರ ಇಲಿ ಕಡಿಯದಂತೆ ತೊಲೆಗೆ ನೇತುಹಾಕಿ ಇಟ್ಟಿದ್ದರು. ಪೈಪಿನಲ್ಲಿ ಬೆಂಗಳೂರಿನ ಕಡೆಯಿಂದ ನೀರು ಹರಿದು ಬಂದು ಕೆರೆ ತುಂಬಿದ ದಿನ ಮಂಡಿಗೆ ಹೊರಟಿದ್ದವನು ಏರಿಯ ಮೇಲೆ ಹಾಗೇ ಕೂತುಬಿಟ್ಟ. ಮತ್ತೆ ಬಾಕ್ಸು ಮುಟ್ಟಲಿಲ್ಲ.

ಆದರೆ ಕೆರೆ ಬತ್ತಿದ್ದ ಕಾಲದಲ್ಲಿ ಅದರ ಹೊಟ್ಟೆಯೊಳಗೆ ಜಾಲಿ ಕಾಡು ಬೆಳೆದಿತ್ತು. ಅದನ್ನು ಕಡಿಯುವ ಮೊದಲೇ ನೀರು ಬಂತು. ಈಗ ಆ ಜಾಲಿ ತೋಪು ನೀರಿನೊಳಗೆ ಒಂದಾಳುದ್ದ ಕೆಳಗೆ ಮುಳ್ಳು ಬಿಚ್ಚಿಕೊಂಡು ನಿಂತಿದೆ. ಮೀನುಗಳಿಗೆ ಅದಕ್ಕಿಂತ ಒಳ್ಳೆಯ ಮನೆಯಿಲ್ಲ. ಜಿಲೇಬಿ, ಕಾಟ್ಲಾ, ರೋಹು ಎಲ್ಲ ಅಲ್ಲೇ. ತೋಪಿನ ಮಗ್ಗುಲಿಗೆ ಬಲೆ ಬಿಟ್ಟವನಿಗೆ ಬುಟ್ಟಿ ತುಂಬ ಮೀನು, ಸ್ವಲ್ಪ ಒಳಕ್ಕೆ ಬಿಟ್ಟವನಿಗೆ ಬಲೆಯೂ ಇಲ್ಲ.

ಗಂಗುಲಪ್ಪನದು ಹಳೆಯ ವಿದ್ಯೆ. ಕದಿರಮ್ಮ ತೆಪ್ಪದಲ್ಲಿ ಕೂತು ಹುಟ್ಟು ಹಾಕಬೇಕು. ಅವನು ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು, ಏರಿ ಮೇಲಿನ ತೂಬಿನ ಕಲ್ಲು ಹಿಂದಿನ ಬೆಟ್ಟದ ಸೀಳಿಗೆ ಸರಿಯಾಗಿ ಬರುವವರೆಗೂ ಕಾದು, "ನಿಲ್ಲು" ಅನ್ನುತ್ತಿದ್ದ. ಒಂದೇ ಮಾತು. ಅವಳು ನಿಲ್ಲಿಸುತ್ತಿದ್ದಳು. ಅಲ್ಲಿಂದ ಬಲೆ ಬಿಟ್ಟರೆ ಜಾಲಿಯ ಅಂಚಿಗೆ ಐದು ಮಾರು ಉಳಿಯುತ್ತಿತ್ತು. ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಬಲೆ, ಹಗ್ಗ, ನೀರಿನ ಆಳ, ದಡದ ದೂರ, ಎಲ್ಲಕ್ಕೂ ಆ ಮನೆಯಲ್ಲಿ ಅದೇ ಅಳತೆ. ಮೀಟರು ಎಂಬುದು ಕದಿರಮ್ಮನಿಗೆ ರವಿಕೆ ಬಟ್ಟೆಯ ಅಂಗಡಿಯಲ್ಲಿ ಕೇಳಿಸುವ ಮಾತು, ಇಲ್ಲವೇ ಗೋಡೆಗೆ ಹೊಡೆದ ಕರೆಂಟಿನ ಡಬ್ಬಿ.

ಈಗ ಅವನು ಹುಬ್ಬಿಗೆ ಕೈ ಹಿಡಿಯುತ್ತಿದ್ದ, ಕಾಯುತ್ತಿದ್ದ, "ನಿಲ್ಲು" ಅನ್ನುತ್ತಿದ್ದ. ನಿಲ್ಲಿಸುವ ಜಾಗ ಮಾತ್ರ ದಿನಕ್ಕೊಂದು. ಒಂದು ಬಲೆ ಜಾಲಿಗೆ ಹೋಯಿತು. ಇನ್ನೊಂದೂ ಹೋಯಿತು. ಎರಡನೆಯದು ಹೋದಾಗ ಗಂಗುಲಪ್ಪ ಕಟ್ಟೆಯ ಮೇಲೆ ಕೂತು ಹೇಳಿದ: "ಇನ್ನೊಂದು ಬಲೆ ಹೋದ್ರೆ ನಾನು ಕೆರೆಗೆ ಇಳಿಯಲ್ಲ ಕಣೇ. ಮೀನಿನ ಸಂಘಕ್ಕೆ ಹೇಳ್ಬಿಡ್ತೀನಿ, ನನ್ ಜಾಗ ಬೇರೆಯವರಿಗೆ ಕೊಟ್ಬಿಡ್ಲಿ."

ಅದು ಬಾಯಿಮಾತಲ್ಲ ಎಂದು ಕದಿರಮ್ಮನಿಗೆ ಗೊತ್ತಿತ್ತು. ಕೆರೆ ಬಿಟ್ಟ ಗಂಗುಲಪ್ಪನನ್ನು ಅವಳು ಮಂಡಿಯ ವರ್ಷಗಳಲ್ಲಿ ನೋಡಿದ್ದಳು. ಉಣ್ಣುತ್ತಿದ್ದ, ಮಲಗುತ್ತಿದ್ದ, ಏಳುತ್ತಿದ್ದ, ಅಷ್ಟೇ. ಮನೆಯಲ್ಲಿ ಒಂದು ನಗು ಕೇಳಬೇಕಾದರೆ ಪಕ್ಕದ ಮನೆಯ ಟಿವಿಗೆ ಕಿವಿ ಕೊಡಬೇಕಿತ್ತು. ಆ ಗಂಗುಲಪ್ಪ ತಿರುಗಿ ಬರುವುದು ಅವಳಿಗೆ ಬೇಕಿರಲಿಲ್ಲ. "ನಿನಗೆ ಕಣ್ಣು ಕಾಣಲ್ಲ" ಎಂದು ಮುಖಕ್ಕೆ ಹೇಳುವುದೂ ಅವಳಿಂದಾಗದ ಮಾತು. ಹೇಳಿದರೆ ಆ ದಿನವೇ ತೆಪ್ಪ ಬೋರಲು ಹಾಕುವ ಗಂಡಸು ಅವನು.

ಆಗ ಕಣ್ಣಿಗೆ ಬಿದ್ದದ್ದು ಶಿವಕುಮಾರನ ಸೊಂಟ. ಶಿವಕುಮಾರ ಅಂತರಗಂಗೆ ಬೆಟ್ಟಕ್ಕೆ ಪೇಟೆ ಮಂದಿಯನ್ನು ಹತ್ತಿಸಿ ಗುಹೆ ತೋರಿಸುವವನು. ಭಾನುವಾರ ಮೀನಿಗೆ ಬರುತ್ತಿದ್ದ. ಅವನ ಬೆಲ್ಟಿಗೆ ದಪ್ಪ ಮೊಬೈಲಿನಂಥದ್ದೊಂದು ತೂಗಾಡುತ್ತಿತ್ತು.

"ಅದೇನಪ್ಪ, ರೇಡಿಯೋನಾ?"

"ಜಿಪಿಎಸ್ ಅಕ್ಕ. ಒಂದ್ ಜಾಗಕ್ಕೆ ಗುರ್ತು ಹಾಕ್ಬಿಟ್ರೆ ಆಮೇಲೆ ಎಲ್ಲಿದ್ರೂ ಬಾಣ ಹಾಕಿ ದಾರಿ ತೋರಿಸ್ತದೆ. ಇನ್ನೂ ಎಷ್ಟು ದೂರ ಅಂತಾನೂ ಹೇಳ್ತದೆ. ಮಂಜಿರ್ಲಿ, ಕತ್ಲಿರ್ಲಿ."

ಕದಿರಮ್ಮನ ಕೈಯಲ್ಲಿದ್ದ ಮೀನು ಹಾಗೇ ನಿಂತಿತು. "ಮೊಬೈಲಲ್ಲೂ ಬರ್ತದಲ್ಲ?"

"ನಿಮ್ ಮೊಬೈಲು ಎಷ್ಟ್ ಸಲ ನೀರಿಗೆ ಬಿತ್ತು?"

ಮನೆಯಲ್ಲಿ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಿದ್ದ ಮೊಬೈಲು ಇನ್ನೂ ಒಣಗುತ್ತಲೇ ಇತ್ತು. ಶಿವಕುಮಾರ ತಾನು ಕೊಂಡ ಅಂಗಡಿ ಹೇಳಿದ, ಗುಂಡಿ ಒತ್ತುವಂಥದ್ದೇ ತಗೊಳ್ಳಿ ಎಂದ, ಪೆನ್ ಸೆಲ್ ಹಾಕುವಂಥದ್ದು ನೋಡಿ ಎಂದ. ಅವನಿಗೆ ಅವತ್ತು ಒಂದು ಮೀನು ಹೆಚ್ಚಿಗೆ ಹೋಯಿತು.

ಸಂಜೆ ಅವಳು ಗಂಡನ ಹತ್ತಿರ ಸುಳ್ಳಿನ ಗಂಟು ಬಿಚ್ಚಿದಳು. "ಮಾವ, ನಂಗೆ ಬೆಳಗ್ಗೆ ಮಂಜಲ್ಲಿ ತೆಪ್ಪ ನಡ್ಸೋಕೆ ಭಯ ಆಗ್ತದೆ. ದಿಕ್ಕೇ ತಿಳಿಯಲ್ಲ. ಅದ್ಯಾವ್ದೋ ಮಿಷನ್ನು ಐತಂತೆ, ಒಂದು ಕೊಡ್ಸು."

ಗಂಗುಲಪ್ಪ ಅವಳ ಕಡೆ ತಿರುಗಿದ. "ನಿಂಗೆ ಭಯ?"

"ಹೂಂ. ವಯಸ್ಸಾಯ್ತಲ್ಲ."

"ಸರ್ಲೇ. ನಿಂಗೆ ಭಯ ಅಂದ್ಮೇಲೆ ತರೋಣ. ಒಂದು ಮೇಕೆ ಬೆಲೆ ದಾಟ್ಬಾರ್ದು ನೋಡು."

ಕೋಲಾರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ವೇಣುಗೋಪಾಲನ ಅಂಗಡಿ. ಟಾರ್ಚು, ಕ್ಯಾಮೆರಾ, ದುರ್ಬೀನು, ಸರ್ವೆಯವರ ಟೇಪು, ಎಲ್ಲ ಒಂದರ ಮೇಲೊಂದು. ಬಲೆ ವಾಸನೆಯ ಇಬ್ಬರು ಬಂದು ಜಿಪಿಎಸ್ ಕೇಳಿದ್ದಕ್ಕೆ ಅವನೇನೂ ಮೂಗು ಮುರಿಯಲಿಲ್ಲ. ಮೂರು ಯಂತ್ರ ತೆಗೆದು ಗಾಜಿನ ಮೇಲೆ ಇಟ್ಟ.

ಮೊದಲನೆಯದು ಬಣ್ಣಬಣ್ಣದ್ದು, ಮುಟ್ಟಿದರೆ ಓಡುವಂಥದ್ದು, ಕರ್ನಾಟಕದ ನಕ್ಷೆಯೆಲ್ಲ ಅದರ ಹೊಟ್ಟೆಯಲ್ಲಿ. ಗಂಗುಲಪ್ಪನಿಗೆ ಅದೇ ಹಿಡಿಸಿತು. ಗಂಡಸರಿಗೆ ಹಿಡಿಸುವುದು ಯಾವಾಗಲೂ ಅಂಥದ್ದೇ. ಕದಿರಮ್ಮ ಬಾಟಲಿ ನೀರಿನಲ್ಲಿ ಬೆರಳು ಅದ್ದಿ ಒತ್ತಿದಳು. ಯಂತ್ರ ತಬ್ಬಿಬ್ಬಾಗಿ ಎಲ್ಲಿಗೋ ಹಾರಿತು. "ನಮ್ ಕೈ ಒಣಗಿರೋದು ಹಬ್ಬದ ದಿನ ಮಾತ್ರ. ಎತ್ತಿಡಿ" ಎಂದಳು. ಎರಡನೆಯದು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟದು, ಆದರೆ ವೈರು ಹಾಕಿ ಚಾರ್ಜು ಮಾಡಬೇಕು. "ಕೆರೆ ಮಧ್ಯ ಮುಗ್ದೋದ್ರೆ ಕರೆಂಟು ಯಾರ್ ಮನೆಗ್ ಕೇಳಾಣ?" ಅದೂ ಒಳಗೆ ಹೋಯಿತು. ಮೂರನೆಯದು ದಪ್ಪ, ಕುಳ್ಳ, ನೋಡಲು ಚೆಂದವಿಲ್ಲ. ಕಪ್ಪು ಬಿಳಿ ಪರದೆ, ಪಕ್ಕದಲ್ಲಿ ಗುಂಡಿಗಳು, ಹಿಂದೆ ಎರಡು ಪೆನ್ ಸೆಲ್. ಅವಳು ಅದನ್ನು ಬೀದಿಗೆ ಒಯ್ದು ಸುಡುಬಿಸಿಲಿಗೆ ಹಿಡಿದಳು. ಅಂಕಿ ಸ್ಪಷ್ಟವಾಗಿ ಕಂಡವು.

"ನೀರಿಗೆ ಬಿದ್ರೆ?"

"ಏನೂ ಆಗಲ್ಲಮ್ಮ. ತೇಲ್ತದೆ."

"ಬಕೀಟು ತರ್ಸಿ."

"ಅಮ್ಮಾ, ಕಂಪನಿಯೋರೇ ಬರೆದಿದಾರೆ..."

"ಕಂಪನಿಯೋರು ನಮ್ ಕೆರೆ ನೋಡಿಲ್ಲ. ಮಡಕೆ ತಗೊಂಡ್ರೂ ತಟ್ಟಿ ನೋಡೇ ತಗೊಳ್ಳೋದು. ತರ್ಸಿ."

ಅಂಗಡಿ ತೊಳೆಯುವ ಬಕೀಟು ಬಂತು. ಕದಿರಮ್ಮ ಯಂತ್ರವನ್ನು ಮುಳುಗಿಸಿ ಹಿಡಿದು, ಮಗುವಿನ ತಲೆಗೆ ನೀರು ಹಾಕಿದಷ್ಟು ಹೊತ್ತು ಕಾದು, ಕೈಬಿಟ್ಟಳು. ಅದು ಮೇಲೆ ಬಂದು ತೇಲಿತು, ಅಂಕಿ ತೋರಿಸುತ್ತಲೇ ಇತ್ತು. ವೇಣುಗೋಪಾಲ ಹಣೆ ಒರೆಸಿಕೊಂಡ. ಬೆಲೆಯಲ್ಲಿ ಹಗ್ಗಜಗ್ಗಾಟವಾಗಿ, ಕೊನೆಗೆ ಅವನು ಮೇಕೆಯವರೆಗೆ ಇಳಿದ.

ಆಮೇಲೆ ಪಾಠ. ಈ ಗುಂಡಿ ಒತ್ತಿದರೆ ಗುರುತು, ಬಾಣ ತೋರಿಸುವುದು ದಾರಿ, ಕೆಳಗಿನ ಅಂಕಿ ದೂರ. ಅಂಕಿಯ ಪಕ್ಕದಲ್ಲಿ ಇಂಗ್ಲಿಷಿನ ಒಂದು ಅಕ್ಷರ. ಏಳನೇ ಕ್ಲಾಸಿನವರೆಗೆ ಓದಿದ್ದ ಕದಿರಮ್ಮ ಅದನ್ನು ಗುರುತು ಹಿಡಿದಳು. "ಎಂ" ಎಂದು ಗಂಡನಿಗೆ ಹೇಳಿದಳು, "ಎಂ ಅಂದ್ರೆ ಮಾರು." ಖಾತ್ರಿಗೆಂದು ಅಂಗಡಿಯವನ ಕಡೆ ತಿರುಗಿ ಗಟ್ಟಿಯಾಗಿ ಕೇಳಿದಳು: "ಮಾರು ತಾನೇ ಅಪ್ಪ?"

ವೇಣುಗೋಪಾಲ ಅಷ್ಟರಲ್ಲಿ ಬಿಲ್ಲಿಗಾಗಿ ಮೇಜಿನ ಖಾನೆಯೊಳಗೆ ತಲೆ ತೂರಿಸಿದ್ದ. ಗಿರಾಕಿ ಅವಸರ ಮಾಡುತ್ತಿದ್ದಾಳೆ ಎಂದುಕೊಂಡ. "ಮಾರು ಅಂದ್ಮೇಲೆ ಮಾರಲೇಬೇಕಲ್ಲಮ್ಮ, ಅದಕ್ಕೇ ತಾನೇ ಕೂತಿರೋದು!"

ಇವಳ ಮಾರು ಅಳತೆಯದು, ಅವನ ಮಾರು ವ್ಯಾಪಾರದ್ದು. ಇಬ್ಬರಿಗೂ ತೃಪ್ತಿಯಾಯಿತು. "ನೋಡ್ದ್ಯಾ ಮಾವ" ಎಂದಳು ಕದಿರಮ್ಮ. ಪೇಟೆಯ ಯಂತ್ರಕ್ಕೂ ತನ್ನ ಮಾರು ಗೊತ್ತಿದೆ ಎಂದು ಗಂಗುಲಪ್ಪನಿಗೆ ಬಹಳ ಖುಷಿಯಾಯಿತು. ಬಸ್ಸಿನಲ್ಲಿ ಪಕ್ಕದವನಿಗೂ ತೋರಿಸಿದ.

ಮಾರನೆಯ ದಿನ ನಡುಮಧ್ಯಾಹ್ನ ಇಬ್ಬರೂ ತೆಪ್ಪದಲ್ಲಿ ಹೋಗಿ, ಉದ್ದನೆಯ ಬಿದಿರು ಗಳದಿಂದ ತಿವಿದು ತಿವಿದು ಜಾಲಿಯ ಅಂಚು ಹುಡುಕಿದರು. ಗಳಕ್ಕೆ ಮುಳ್ಳು ತಾಗಿದಲ್ಲಿ ಕದಿರಮ್ಮ ಗುಂಡಿ ಒತ್ತಿದಳು. ಸಂಜೆ ಬಿಸಿಲು ಇನ್ನೂ ಇರುವಾಗಲೇ ಹೊಸ ಬಲೆಯೊಂದಿಗೆ ಹೊರಟರು. ಬಲೆಯ ಉದ್ದ ಹದಿನೈದು ಮಾರು. ಅಂಚಿಗೆ ಇಪ್ಪತ್ತು ಮಾರು ಇರುವಾಗ ನಿಲ್ಲಿಸಿ, ಅಲ್ಲಿಂದ ತೋಪಿನ ಕಡೆಗೆ ಬಲೆ ಬಿಟ್ಟುಕೊಂಡು ಹೋದರೆ ಐದು ಮಾರು ಉಳಿಯುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು.

ಗಂಗುಲಪ್ಪ ಎಂದಿನಂತೆ ಎದ್ದು ನಿಂತು ಹುಬ್ಬಿಗೆ ಕೈ ಹಿಡಿದ. ಕದಿರಮ್ಮ ಹುಟ್ಟು ಹಾಕುತ್ತಾ, ಕೊರಳಲ್ಲಿ ತೂಗುತ್ತಿದ್ದ ಯಂತ್ರ ನೋಡಿ ಕೂಗುತ್ತಿದ್ದಳು. "ಐವತ್ತು... ಮೂವತ್ತು... ಇಪ್ಪತ್ತು ಮಾರು, ಮಾವ."

ಅವನು ಇನ್ನೂ ಸ್ವಲ್ಪ ಹೊತ್ತು ಏರಿಯ ಕಡೆ ನೋಡಿದ. ಆಮೇಲೆ ಎಲ್ಲವನ್ನೂ ಅಳೆದು ನೋಡಿದವನಂತೆ ತಲೆಯಾಡಿಸಿ "ನಿಲ್ಲು" ಎಂದ. ಅವನ ಆ ಗತ್ತು ನೋಡಿ ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. ಬಲೆ ಬಿಡುತ್ತಾ ಹೋದರು. ಅವನ ಗಮನ ಬಲೆಯ ಮೇಲೆ, ಅವಳ ಎರಡೂ ಕೈ ಹುಟ್ಟಿನ ಮೇಲೆ. ಯಂತ್ರ ಸೆರಗಿನೊಳಗೆ ಸೇರಿಕೊಂಡು ಯಾರಿಗೂ ಕಾಣದೆ ಅಂಕಿ ಇಳಿಸುತ್ತಿತ್ತು.

ಯಂತ್ರದ ಇಪ್ಪತ್ತು ಎಂದರೆ ಗಂಗುಲಪ್ಪನ ತೋಳಿನಲ್ಲಿ ಹನ್ನೊಂದು ಮಾರು. ಹದಿನೈದು ಮಾರಿನ ಬಲೆ ಹನ್ನೊಂದರಲ್ಲಿ ಹೇಗೆ ನಿಂತೀತು? ಬೆಳಿಗ್ಗೆ ಮಂಜಿನಲ್ಲಿ ಹೋಗಿ ಎಳೆದರೆ ಮುಕ್ಕಾಲು ಪಾಲು ಬಂತು, ಕೊನೆಯದು ಬರಲಿಲ್ಲ. ಗಂಗುಲಪ್ಪ ಕಾಲು ಊರಿ ಎಳೆದ. ಕೆಳಗೆ ಎಲ್ಲೋ ಪಟ್ಟನೆ ಹರಿದು ಅವನು ತೆಪ್ಪದೊಳಗೆ ಹಿಂದಕ್ಕೆ ಬಿದ್ದ. ಎದ್ದವನು ಬಯ್ಯಲಿಲ್ಲ. ಬಂದಷ್ಟನ್ನು ನಿಧಾನವಾಗಿ ಸುತ್ತಿ ಕಾಲ ಬಳಿ ಇಟ್ಟುಕೊಂಡ. ದಡಕ್ಕೆ ಬಂದು, ತೆಪ್ಪವನ್ನು ಒಬ್ಬನೇ ಎಳೆದು, ಬೋರಲು ಹಾಕಿ ಅದರ ಪಕ್ಕ ಕೂತ.

"ಮುಗೀತು ಕಣೇ" ಎಂದ. "ಸಾಯಂಕಾಲ ಸಂಘಕ್ಕೆ ಹೋಗಿ ಹೇಳ್ಬರ್ತೀನಿ."

ಕದಿರಮ್ಮನಿಗೆ ತೆಲುಗು ಬಂತು. ಯಂತ್ರಕ್ಕೆ, ಯಂತ್ರ ಮಾಡಿದವನಿಗೆ, ಮಾರಿದವನಿಗೆ, ಜಾಲಿ ಬೀಜ ಈ ಸೀಮೆಗೆ ತಂದವನಿಗೆ, ಎಲ್ಲರಿಗೂ ಒಂದು ಸುತ್ತು ಆಯಿತು. ಆಮೇಲೆ ಗಂಡನ ತೋಳು ಹಿಡಿದು ಎಬ್ಬಿಸಿದಳು. "ನಡಿ ಮಾವ, ಏರಿ ಮೇಲೆ ಅಳೆದು ನೋಡಾಣ. ಇದು ಸುಳ್ಳು ಹೇಳಿದ್ರೆ ಆ ವೇಣುಗೋಪಾಲನ್ನೇ ಬಕೀಟಲ್ಲಿ ಅದ್ದಿ ಬರ್ತೀನಿ."

ಏರಿಯ ಮೇಲೆ ಒಂದು ಕಡೆ ಗುಂಡಿ ಒತ್ತಿ ಗುರುತು ಹಾಕಿದರು. ಅಲ್ಲಿಂದ ಗಂಗುಲಪ್ಪ ಎರಡೂ ಕೈ ಚಾಚಿ ಹಗ್ಗ ಅಳೆಯುತ್ತಾ ಹೋದ, ಅವಳು ಅದನ್ನು ನೆಲಕ್ಕೆ ಹಾಸುತ್ತಾ ಹೋದಳು. ಡೈರಿಗೆ ಹಾಲು ಒಯ್ಯುತ್ತಿದ್ದವರು ಬೈಕು ನಿಧಾನ ಮಾಡಿ, ಈ ವಯಸ್ಸಿನಲ್ಲಿ ಇದೆಂಥ ಆಟ ಎಂಬಂತೆ ನೋಡಿ ಮುಂದೆ ಹೋದರು. ಇಪ್ಪತ್ತು ಮಾರಾದಾಗ ಯಂತ್ರ ಮೂವತ್ತಾರು ಎಂದಿತು. ತಿರುಗಿ ಅಳೆದರೂ ಮೂವತ್ತಾರೇ.

ಕದಿರಮ್ಮ ಆ ಅಕ್ಷರವನ್ನೇ ದಿಟ್ಟಿಸಿದಳು. ರವಿಕೆ ಬಟ್ಟೆಯ ಅಂಗಡಿ ನೆನಪಾಯಿತು.

"ಮಾವ, ಇದು ಮಾರಲ್ಲ. ಮೀಟ್ರು."

"ಅಂಗಡಿಯೋನು ಮಾರು ಅಂದ್ನಲ್ಲ?"

"ಅವ್ನು ಅಂದಿದ್ದು ಮಾರೋ ಮಾರು!" ಎಂದವಳಿಗೆ ತಡೆಯಲಾಗದ ನಗು ಬಂತು. ನಕ್ಕು ನಕ್ಕು ಏರಿಯ ಮೇಲೇ ಕೂತುಬಿಟ್ಟಳು. ಯಂತ್ರ ಸರಿಯಿದೆ, ಲೆಕ್ಕ ಸರಿ ಮಾಡಿಕೊಂಡರೆ ಮುಗಿಯಿತು, ಗಂಡ ಇನ್ನು ಸಂಘಕ್ಕೆ ಹೋಗಬೇಕಿಲ್ಲ ಎಂದು ಅವಳ ಸಂತೋಷ.

ಗಂಗುಲಪ್ಪ ನಗಲಿಲ್ಲ. ಹಗ್ಗದ ತುದಿ ಕೈಯಲ್ಲಿ ಹಿಡಿದೇ ನಿಂತಿದ್ದ. "ಹಂಗಾದ್ರೆ ಮಿಷನ್ನಿಂದೇನೂ ತಪ್ಪಿಲ್ಲ" ಎಂದ.

"ಇಲ್ಲ ಮಾವ."

"ನೀನು ಅದ್ರಲ್ಲಿದ್ದಿದ್ದೇ ಓದ್ದೆ. ನಿಂತ್ಕೊಂಡು ನೋಡಿ ನಿಲ್ಲು ಅಂದೋನು ನಾನು. ಹೊತ್ತೂ ಮುಳುಗಿರ್ಲಿಲ್ಲ." "ತೂಬಿನ ಕಲ್ಲು ಬೆಟ್ಟದ ಸೀಳು ಬಿಟ್ಟು ಎಲ್ಲೋ ಹೋಗ್ಬಿಟ್ಟಿರ್ತದೆ, ಕಣ್ಣಿರೋನಾದ್ರೆ ಇಲ್ಲಿ ಬೇಡ ಅಂತಿದ್ದ. ನಂಗೆ ಕಲ್ಲೇ ಕಾಣ್ಲಿಲ್ಲ ಕದಿರಿ. ಬೆಟ್ಟಾನೂ ಕಾಣಲ್ಲ. ಬಿಳೀದೊಂದು, ಕಪ್ಪುದೊಂದು, ಅಷ್ಟೇ."

ಕದಿರಮ್ಮನ ನಗು ನಿಂತುಹೋಯಿತು. "ಗೊತ್ತು ಮಾವ" ಎಂದಳು.

"ಗೊತ್ತಾ?"

"ಅಶ್ವತ್ಥಮ್ಮನ ಎಮ್ಮೆ ಮಾತಾಡ್ಸಿದ್ಯಲ್ಲ, ಅವತ್ತಿಂದ."

"ಅದಕ್ಕೇ ಮಿಷನ್ನು?" ಅವನು ಅವಳ ಪಕ್ಕಕ್ಕೆ ಬಂದು ಕೂತ. "ನಂಗೂ ಅನುಮಾನ ಇತ್ತು. ನೀನು ಯಾವತ್ತು ಮಂಜಿಗೆ ಹೆದರಿದ್ದೆ ಹೇಳು."

"ಹಂಗಾದ್ರೆ ಯಾಕೆ ಕೊಡ್ಸ್ದೆ?"

"ಬಾಯಿ ಬಿಟ್ಟು ಹೇಳ್ದೇನೆ ಕೆಲ್ಸ ನಡ್ದೋಗ್ಲಿ ಅಂತ." ಹಗ್ಗ ಸುತ್ತುತ್ತಾ ಉಳಿದದ್ದನ್ನೂ ಹೇಳಿದ. "ಯುಗಾದಿಗೆ ಮುಂಚೆ ಬಲೆ ನೂಲು ತರ್ತೀನಿ ಅಂತ ಕೋಲಾರಕ್ಕೆ ಹೋಗಿದ್ನಲ್ಲ. ಕಣ್ಣಾಸ್ಪತ್ರೆಗೆ ಹೋಗಿದ್ದೆ. ಸಕ್ಕರೆ ಕಾಯ್ಲೆ ಕಣ್ಣಿನ ಹಿಂದಗಡೆ ತಿಂದಾಕೈತಂತೆ. ಇರೋದನ್ನ ಉಳಿಸ್ಕೋ, ಹೋಗಿದ್ದು ಬರಲ್ಲ ಅಂದ್ರು. ನೂಲು ಮರೆತು ಬಂದೆ."

ನೂಲು ಮರೆತು ಬಂದದ್ದಕ್ಕೆ ಅವತ್ತು ತಾನು ಅವನಿಗೆ ಎಷ್ಟು ಬೈದಿದ್ದೆ ಎಂಬುದು ಕದಿರಮ್ಮನಿಗೆ ಒಂದೊಂದು ಮಾತೂ ನೆನಪಾಯಿತು. ಅಷ್ಟು ದೊಡ್ಡ ಸುದ್ದಿಯನ್ನು ಒಬ್ಬನೇ ಬಸ್ಸಿನಲ್ಲಿ ಹೊತ್ತು ತಂದು, ಮನೆಯಲ್ಲಿ ಬೈಸಿಕೊಂಡು, ಮುದ್ದೆ ಉಂಡು ಮಲಗಿದ್ದನಲ್ಲ. ಅವಳು ದಾರಿಯಲ್ಲಿ ಹೋಗುವವರು ನೋಡುತ್ತಾರೆ ಎಂಬುದನ್ನೂ ಲೆಕ್ಕಿಸದೆ ಅವನ ಕೈ ಹಿಡಿದುಕೊಂಡಳು, ಅತ್ತಳು. "ಕೆರೆ ಬಿಡ್ಬೇಡ ಮಾವ" ಎಂದಳು. "ನೀನು ಬರಲ್ಲ ಅಂದ್ರೆ ನಾನೂ ಇಳಿಯಲ್ಲ. ನನ್ ಕಣ್ಣು ಚೆನ್ನಾಗೈತೆ, ಎಷ್ಟು ಬೇಕಾದ್ರೂ ನೋಡ್ತೀನಿ. ಬಲೆ ಬಿಡೋಕೆ ನಿನ್ನಂಗೆ ನಂಗೆ ಬರಲ್ಲ, ಅದು ನಿಜ ತಾನೇ?"

ಗಂಗುಲಪ್ಪ ಸಾಯಂಕಾಲ ಸಂಘದ ಕಡೆ ಹೋಗುವ ದಾರಿಯಲ್ಲಿ ನಾಲ್ಕು ಹೆಜ್ಜೆ ಇಟ್ಟವನು ತಿರುಗಿ ಬಂದು ಹರಿದ ಬಲೆ ಬಿಚ್ಚಿ ಕೂತ. ಬೆರಳಿಗೆ ಕಣ್ಣು ಬೇಕಿರಲಿಲ್ಲ. ಹರಿದದ್ದು ಮುಗಿಸಿ ಕಟ್ಟುವವರೆಗೆ ಕದಿರಮ್ಮ ಅವನೊಡನೆ ಒಂದು ಮಾತೂ ಆಡಲಿಲ್ಲ, ಆಡಿದರೆ ಎದ್ದುಬಿಡುತ್ತಾನೋ ಎಂಬ ಹೆದರಿಕೆ.

ಬಲೆ ಸಿದ್ಧವಾದ ಸಂಜೆ ಇಬ್ಬರೂ ಸೇರಿ ತೆಪ್ಪ ಮಗುಚಿ ನೀರಿಗಿಳಿಸಿದರು. ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಗಂಗುಲಪ್ಪ ಅಭ್ಯಾಸಬಲದಿಂದ ಎದ್ದು ನಿಂತ. ಕೈ ಹುಬ್ಬಿನವರೆಗೂ ಹೋಯಿತು. ಆಮೇಲೆ ಅದನ್ನು ಇಳಿಸಿ, ತೆಪ್ಪದ ಅಂಚು ತಡವಿಕೊಂಡು, ಅವಳ ಎದುರಿಗೆ ಕಾಲು ಮಡಚಿ ಕೂತುಕೊಂಡ. ನೀರಿನ ಮೇಲೆ ಅವನು ಕೂತದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಹೇಳು" ಎಂದ.

ಅವಳು ಹುಟ್ಟು ಹಾಕುತ್ತಾ ಅಂಕಿ ಹೇಳಿದಳು. ಅಂಕಿಯ ನಡುನಡುವೆ ಕಂಡದ್ದನ್ನೂ ಹೇಳಿದಳು. ಬೆಟ್ಟದ ಮೇಲೆ ಬಿಸಿಲು ಇನ್ನೂ ಸ್ವಲ್ಪ ಉಳಿದಿದೆ, ಏರಿ ಮೇಲೆ ಯಾರೋ ಕುರಿ ಹೊಡೆದುಕೊಂಡು ಹೋಗುತ್ತಿದ್ದಾರೆ, ಆ ಮೂಲೆಯಲ್ಲಿ ಬಾತು ಇಳಿದಿವೆ. ಗಂಗುಲಪ್ಪ ತಲೆ ಬಗ್ಗಿಸಿ ಕೇಳುತ್ತಿದ್ದ. ಮುಖದಲ್ಲಿ ಯಾವುದೋ ಬಿಗಿ ಸಡಿಲಿದಂತಿತ್ತು.

"ಮೂವತ್ತಾರು. ನಿಲ್ಲಿಸ್ಲಾ ಮಾವ?" ಎಂದಳು.

"ನೀನೇ ಹೇಳ್ಬೇಕು ಕಣೇ" ಎಂದ ಅವನು, ಬಲೆಯ ತುದಿ ಕೈಗೆ ತೆಗೆದುಕೊಳ್ಳುತ್ತಾ. "ಕಣ್ಣು ಕಾಣೋನಂಗೆ ನಿಂತೂ ನಿಂತೂ ನಂಗೆ ಸಾಕಾಗೋಗಿತ್ತು."